ಒಣಗಿದ ಮೇಲೆ ಮೂಡಿದ ಗೆರೆ

ಭದ್ರಾವತಿಯ ಜನ್ನಾಪುರದಲ್ಲಿ ಬೆಳಗಾಗುತ್ತಲೇ ಎರಡು ಬೀದಿನಾಯಿ ಸತ್ತು ಬಿದ್ದಿದ್ದವು. ಬಾಯಲ್ಲಿ ನೊರೆ. ಪಕ್ಕದಲ್ಲಿ ಕೋಳಿ ಚೂರು. ತಲೆಯ ಹತ್ತಿರ ಒಂದೊಂದು ಬಿಳಿ ಪಟ್ಟಿ, ಅದರಲ್ಲಿ ಎರಡು ಗೆರೆ. ಒಂದರ ಮೇಲೆ ಕೆಂಚ ಎಂಬ ಹೆಸರು.

ಸುದ್ದಿ ಕೇಳಿ ಬಂದ ಪಶುವೈದ್ಯೆ ಡಾಕ್ಟರ್ ನವ್ಯಾ ಬಗ್ಗಿ ಪಟ್ಟಿಗಳನ್ನು ಎತ್ತಿಕೊಂಡಳು. ಪಟ್ಟಿಗಳು ಅವಳವೇ. ಶಿವಮೊಗ್ಗದಿಂದ ಬಂದು ಹಿಂದಿನ ದಿನವಷ್ಟೇ ಅದೇ ಬೀದಿಯ ಶಿವಕುಮಾರನ ಮನೆ ಜಗಲಿಯಲ್ಲಿ ಕೂತು, ಉಣ್ಣೆ ಹುಳ ಕಚ್ಚಿದಾಗ ರಕ್ತಕ್ಕಿಳಿಯುವ ಪರೋಪಜೀವಿ ಇದೆಯೇ ಎಂದು ನಾಯಿಗಳನ್ನು ಪರೀಕ್ಷಿಸಿದ್ದಳು. ಹನಿ ರಕ್ತ ಸಾಕು. ಒಂದು ಗೆರೆ ಬಂದರೆ ಆರೋಗ್ಯ, ಎರಡು ಬಂದರೆ ರೋಗ. ಪಟ್ಟಿಯ ಮೇಲೆ ನಾಯಿಯ ಹೆಸರು ಬರೆದವಳೂ ಅವಳೇ. ನಿನ್ನೆ ಎಲ್ಲದರಲ್ಲೂ ಒಂದೇ ಗೆರೆ ಇತ್ತು!

ನಾಯಿಗಳಿಗೆ ಅನ್ನ ಹಾಕುವ ಹುಲಿಗೆಮ್ಮ ಏದುಸಿರು ಬಿಡುತ್ತ ಬಂದಳು.

"ಡಾಕ್ಟ್ರಮ್ಮ, ನಮ್ಮ ಬಾಗಿಲಲ್ಲೂ ಒಂದು ಪಟ್ಟಿ ಇಟ್ಟಿದ್ದಾರೆ. ಕರಿಯನ ಹೆಸರಿದೆ. ಅದನ್ನೂ ಕೊಲ್ತಾರೆ!"

* * *

ಎಲ್ಲರ ಬೆರಳೂ ಕೋಳಿ ಅಂಗಡಿ ಭೈರಪ್ಪನತ್ತ.

"ನಾಯಿಗಳಿಗೆ ಬೈತೀನಿ, ನಿಜ. ದಿನಾ ಚೂರು ಹಾಕೋನೂ ನಾನೇ ಅಲ್ವಾ ಡಾಕ್ಟ್ರೇ? ಆ ಪಟ್ಟಿ ಕಣ್ಣಲ್ಲೂ ನೋಡಿಲ್ಲ," ಎಂದ ಭೈರಪ್ಪ.

ಹುಲಿಗೆಮ್ಮನ ಮನೆಯಲ್ಲಿ ನವ್ಯಾ ಕರಿಯನ ರಕ್ತ ಮತ್ತೆ ತೆಗೆದಳು. ಒಂದೇ ಗೆರೆ. ಪಟ್ಟಿಯನ್ನು ಕಿಟಕಿಯಲ್ಲಿಟ್ಟು, ಕರಿಯನನ್ನು ಹಿಡಿದುಕೊಂಡು ಕೂತಳು. ಹೊರಗೆ ಹೆಜ್ಜೆ ಸದ್ದಾದಾಗೆಲ್ಲ ಅದನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಬಿಸಿಲೇರಿದ ಮೇಲೆ ಕಣ್ಣು ಕಿಟಕಿಯತ್ತ ಹೋಯಿತು. ಒಣಗಿದ ಪಟ್ಟಿಯಲ್ಲಿ ಎರಡನೇ ಗೆರೆ ಮಸುಕಾಗಿ ಮೂಡಿತ್ತು.

* * *

"ನಿನ್ನೆ ಬಳಸಿದ ಪಟ್ಟಿ ಹಾಕಿ, ಸುಡೋಕೆ ಕೊಟ್ಟಿದ್ದ ಕಸದ ಕವರ್ ಎಲ್ಲಿ ಶಿವಕುಮಾರ್?"

"ನೀವು ಹೋದ ತಕ್ಷಣ ಸುಟ್ಹಾಕಿದೆ ಮೇಡಂ."

"ಸುಟ್ಟಿದ್ರೆ ಈ ಪಟ್ಟಿಗಳು ಎಲ್ಲಿಂದ ಬಂದ್ವು? ಇದನ್ನ ಹತ್ತು ನಿಮಿಷದೊಳಗೆ ನೋಡ್ಬೇಕು. ಒಣಗಿದ ಮೇಲೆ ಸುಳ್ಳು ಗೆರೆ ಮೂಡುತ್ತೆ. ಇವು ಒಣಗೋವರೆಗೂ ಇದ್ದಿದ್ದು ನಿಮ್ಮ ಮನೇಲಿ."

ಶಿವಕುಮಾರನ ಮುಖ ಬಿಳಿಚಿಕೊಂಡಿತು.

"ಸುಳ್ಳು ಗೆರೆನಾ? ಸಂಜೆ ಕವರ್ ಬಿಚ್ಚಿದ್ರೆ ಎಲ್ಲದ್ರಲ್ಲೂ ಎರಡೆರಡು! ನೀವೇ ರೋಗ ಮುಚ್ಚಿಟ್ರಿ ಅಂದ್ಕೊಂಡೆ. ನನ್ನ ಮಗಳು ಕವನಾಗೆ ಜ್ವರ, ದಿನಾ ಅವುಗಳ ಜತೆ ಆಡ್ತಾಳೆ. ಹೆದರಿ ವಿಷ ಹಾಕಿಬಿಟ್ಟೆ. ಜನಕ್ಕೂ ಗೊತ್ತಾಗ್ಲಿ ಅಂತ ಪಟ್ಟಿ ಇಟ್ಟೆ."

"ಅವಕ್ಕೆ ಆ ರೋಗಾನೇ ಇರಲಿಲ್ಲ."

ಅವನು ಕುಸಿದು ಕೂತ. ಬಾಗಿಲ ಹಿಂದೆ ಕಂಬಳಿ ಹೊದ್ದ ಮಗಳು ನಿಂತಿದ್ದಳು.

"ಅಪ್ಪ, ಕೆಂಚನ್ನ ನೀನೇ ಕೊಂದ್ಯಾ?"

ಅವನು ಕೈ ಚಾಚಿದ. ಕವನ ಬೆಚ್ಚಿ ಹಿಂದೆ ಸರಿದು, ನವ್ಯಾಳ ಬೆನ್ನ ಹಿಂದೆ ಅವಿತುಕೊಂಡಳು.