ಐರಿಷ್ ಹೊನೋರಾಳ ಮರಿಮಗಳು

"ಹಗ್ಗ ಬಿಡು" ಎಂದ ಇಗ್ನೇಷಿಯಸ್.

ಮೋನಿಕಾ ಬಿಡಲಿಲ್ಲ. ಪಟಕ್ಸೆಂಟ್ ನದಿಯ ಕೆಸರಲ್ಲಿ ಮೊಣಕಾಲವರೆಗೆ ಇಳಿದು ಅವನ ದೋಣಿಯ ಹಗ್ಗ ಹಿಡಿದು ನಿಂತಿದ್ದಳು. ಅವನನ್ನು ನೋಡಿದ್ದು ಅದೇ ಮೊದಲು.

"ನಿನ್ನ ಮುದಿ ಯಜಮಾನಿ ನನ್ನ ಮುತ್ತಜ್ಜಿ ಹೊನೋರಾನ ಕಣ್ಣಾರೆ ಕಂಡಿದ್ಲಂತೆ. ಹೌದಾ?"

"ಆ ಹೆಸರೆತ್ತಿದವರನ್ನ ದೂರದ ಕ್ಯಾರೊಲಿನಾಕ್ಕೆ ಮಾರ್ತಾರೆ."

"ಗೊತ್ತು. ನಮ್ಮಮ್ಮನ್ನ ಮಾರಿದ್ರು."

ಅವನು ಹುಟ್ಟು ಕೆಳಗಿಟ್ಟ.

ಹೊನೋರಾ ಐರ್ಲೆಂಡಿನಿಂದ ಹಡಗಿನಲ್ಲಿ ಅಮೆರಿಕಕ್ಕೆ ಬಂದ ಬಿಳಿಯ ಕೂಲಿಯವಳು. ಒಪ್ಪಿಕೊಂಡಷ್ಟು ವರ್ಷ ದುಡಿದರೆ ಆಮೇಲೆ ಯಾರ ಹಂಗೂ ಇಲ್ಲ. ಆದರೆ ಗುಲಾಮನೊಬ್ಬನನ್ನು ಮೆಚ್ಚಿ ಮದುವೆಯಾದಳು. ಅವಳ ಮಕ್ಕಳನ್ನೂ ಯಜಮಾನ ಗುಲಾಮರ ಗುಡಿಸಲಿಗೆ ದೂಡಿದ.

ಮೇರಿಲ್ಯಾಂಡಿನ ಕಾನೂನಿನಲ್ಲಿ ತಾಯಿ ಹೇಗೋ ಮಗು ಹಾಗೆ. ಅಮ್ಮ, ಅಮ್ಮನ ಅಮ್ಮ, ಅವಳ ಅಮ್ಮ... ಆ ಎಳೆ ಹೊನೋರಾಳನ್ನು ಮುಟ್ಟಿದರೆ ಮೋನಿಕಾ ಸ್ವತಂತ್ರಳು! ಆದರೆ ಕೋರ್ಟಿನಲ್ಲಿ ಬಿಳಿಯರ ಸಾಕ್ಷಿಯೇ ಬೇಕು. ಹೊನೋರಾಳನ್ನು ಕಂಡವರಲ್ಲಿ ಉಳಿದಿದ್ದವಳು ಒಬ್ಬಳೇ, ಇಗ್ನೇಷಿಯಸ್‌ನ ಯಜಮಾನಿ ವಿನಿಫ್ರೆಡ್.

ಅಂದಿನಿಂದ ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಇಬ್ಬರೂ ಹೊಳೆದಂಡೆಯಲ್ಲಿ ಸೇರುತ್ತಿದ್ದರು. ಯಜಮಾನಿಯಿಂದ ಕೆದಕಿ ಕೇಳಿದ್ದನ್ನೆಲ್ಲ ಅವನು ತಂದು ಹೇಳುತ್ತಿದ್ದ. ಹೊನೋರಾ ತಂಬಾಕಿನ ಹೊಲದಲ್ಲಿ ಐರಿಷ್ ಮಾತಲ್ಲೇ ಬೈಯುತ್ತಿದ್ದಳಂತೆ. ಗಂಡ ಸತ್ತಾಗ ಹಾಡಿ ಹಾಡಿ ಅತ್ತಳಂತೆ. ಕೇಳುತ್ತಾ ಕೇಳುತ್ತಾ ಮೋನಿಕಾಳ ಮನಸ್ಸು ಹೇಳುವವನ ಕಡೆಗೇ ಹೋಯಿತು.

ಯಜಮಾನಿಯನ್ನು ಸಾಕ್ಷಿ ಹೇಳಲು ಒಪ್ಪಿಸು ಎಂದು ಅವಳು ಬೇಡಿಕೊಂಡಳು. ಆ ದಿನದಿಂದ ಅವನು ಕಾಣಲೇ ಇಲ್ಲ.

ಹೆದರಿಬಿಟ್ಟ... ಇಷ್ಟೇನಾ ಇವನ ಪ್ರೀತಿ?

ಬಿಡುಗಡೆ ಕೋರಿ ತಾನು ಹೂಡಿದ್ದ ದಾವೆಯ ದಿನ ಅನಾಪೊಲಿಸ್‌ನ ಕೋರ್ಟಿಗೆ ಅವಳು ಆಸೆ ಬಿಟ್ಟೇ ಬಂದಳು. ಬಾಗಿಲಲ್ಲಿ ವಿನಿಫ್ರೆಡ್ ಕಂಡಳು, ಇಗ್ನೇಷಿಯಸ್‌ನ ತೋಳು ಹಿಡಿದು! ಮುದುಕಿ ನಡುಗುವ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಮೋನಿಕಾ ಸ್ವತಂತ್ರಳೆಂದು ತೀರ್ಪಾಯಿತು.

ಹಾಗಾದರೆ ಅಮ್ಮನೂ ಸ್ವತಂತ್ರಳೇ... ಅವಳಿಗೆ ಹೇಳುವುದು ಯಾರು? ಎಲ್ಲಿ ಹುಡುಕುವುದು? ಮೋನಿಕಾಗೆ ನಗಲು ಆಗಲಿಲ್ಲ.

ಇಗ್ನೇಷಿಯಸ್ ಅವಳತ್ತ ನೋಡದೆ ಹೊರಗೆ ಹೋದ. ಆಗ ವಿನಿಫ್ರೆಡ್ ಅವಳನ್ನು ಹತ್ತಿರ ಕರೆದು ನಡೆದದ್ದನ್ನು ಹೇಳಿದಳು. ತಾನು ಸತ್ತ ಮೇಲೆ ಇಗ್ನೇಷಿಯಸ್‌ಗೆ ಬಿಡುಗಡೆ ಎಂದು ಉಯಿಲಿನಲ್ಲಿ ಬರೆಸಿದ್ದಳು. ಸಾಕ್ಷಿ ಹೇಳಲೆಂದು ಅವಳನ್ನು ಮನೆಯಿಂದ ಹೊರಗೆ ಬಿಡಲು ಅವಳ ಮಗ ಒಪ್ಪಿರಲಿಲ್ಲ. ಆ ಬಿಡುಗಡೆ ರದ್ದಾಗಿ ಇಗ್ನೇಷಿಯಸ್ ತನ್ನ ಪಾಲಿಗೆ ಬರುವುದಾದರೆ ಮಾತ್ರ ಅಮ್ಮ ಕೋರ್ಟಿಗೆ ಹೋಗಬಹುದು ಎಂದಿದ್ದ. ರದ್ದು ಮಾಡಿ ಎಂದು ಬಾಯಿಬಿಟ್ಟು ಹೇಳಿದವನು ಇಗ್ನೇಷಿಯಸ್ಸೇ.

ಮೋನಿಕಾ ದೋಣಿಕಟ್ಟೆಗೆ ಓಡಿದಳು. ಅವನು ದೋಣಿಯಲ್ಲಿ ಕೂತಿದ್ದ.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಅವಳಿಗೆ ಅಳು ಒತ್ತರಿಸಿ ಬಂತು.

"ಪೆನ್ಸಿಲ್ವೇನಿಯಾಗೆ ಹೋಗಿಬಿಡು ಮೋನಿಕಾ. ಅಲ್ಲಿ ನಮ್ಮೋರನ್ನ ಮಾರೋ ಹಾಗಿಲ್ಲವಂತೆ. ಇಲ್ಲಿ ಇರಬೇಡ."

"ಇಲ್ಲೇ ಇರ್ತೀನಿ. ಮದುವೆ ಆಗು ನನ್ನ."

"ನಾನು ಸಾಯೋವರೆಗೂ ಗುಲಾಮ ಕಣೇ. ನಿಂಗೆ ಏನು ಕೊಡಲಿ ನಾನು?"

"ಮಕ್ಕಳನ್ನ ಕೊಡು" ಎಂದಳು, ಕಣ್ಣೊರೆಸಿಕೊಂಡು. "ಅವರು ನನ್ನ ಹೊಟ್ಟೇಲಿ ಹುಟ್ಟೋರು. ಅವರನ್ನ ಯಾರೂ ಮಾರೋಕಾಗಲ್ಲ."

ಅವನು ದೋಣಿಯ ಹಲಗೆಯ ಮೇಲೆ ಪಕ್ಕಕ್ಕೆ ಸರಿದು ಕೈ ಚಾಚಿದ.

"ಜೋಪಾನ" ಎಂದ. "ಹಲಗೆ ಜಾರುತ್ತೆ."