ಉಗುರು ಕೆಂಪಾಗುವ ಎರಡು ಸೆಕೆಂಡು

“ಬೆರಳೆಲ್ಲಿ?”

ಶಿವಮೊಗ್ಗದ ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಸುದೀಪ್ ಅವಳಿಗೆ ಹೇಳಿದ ಮೊದಲ ಮಾತೇ ಅದು. ಪ್ರೀತಿ ಹೀಗೂ ಶುರುವಾಗುತ್ತದೆ ನೋಡಿ!

ಅಕ್ಷಯಾ ಬಲಗೈಯಲ್ಲಿದ್ದ ಟಿಫಿನ್ ಡಬ್ಬಿ ಚಾಚಿದಳು. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿರುವ ಅಪ್ಪನ ವರ್ಕ್‌ಶಾಪಿನಲ್ಲಿ, ತಗಡು ಕತ್ತರಿಸುವ ಮೆಷಿನ್ ಅವಳ ಎಡಗೈ ತೋರುಬೆರಳನ್ನೇ ಕತ್ತರಿಸಿತ್ತು. ಡಬ್ಬಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಬೆರಳು, ಅದಕ್ಕೊಂದು ಪ್ಲಾಸ್ಟಿಕ್ ಕವರ್, ಸುತ್ತ ಮೀನಂಗಡಿಯ ಐಸು. ಪಕ್ಕದಲ್ಲಿ ಅಪ್ಪ ರಂಗಪ್ಪ ಅಳುತ್ತಿದ್ದರು.

“ಇಷ್ಟು ಸರಿಯಾಗಿ ಕಟ್ಟಿದ್ಯಾರು?”

“ನಾನೇ. ಒಂದೇ ಕೈಯಲ್ಲಿ.”

“ಹೆದರಿಕೆ ಆಗ್ಲಿಲ್ವಾ?”

“ಆಯ್ತು. ಹೆದರ್ಕೊಂಡೇ ಕಟ್ಟಿದೆ.”

ಸುದೀಪ್ ಅವಳ ಮುಖವನ್ನೇ ನೋಡಿದ... ಒಂದು ಕ್ಷಣ ಜಾಸ್ತಿಯೇ!

ಡಾಕ್ಟರು ಏಳು ತಾಸು ಕೂತು, ಕೂದಲಿಗಿಂತ ಸಣ್ಣ ದಾರದಲ್ಲಿ ರಕ್ತನಾಳಗಳನ್ನು ಹೊಲಿದರು. ಬೆರಳು ಬದುಕುತ್ತದೋ ಇಲ್ಲವೋ, ಐದು ದಿನ ಕಾಯಬೇಕಿತ್ತು.

ಗಂಟೆಗೊಮ್ಮೆ ಸುದೀಪ್ ಬಂದು ಅವಳ ಉಗುರನ್ನು ಒತ್ತಿ ಬಿಡುತ್ತಿದ್ದ.

“ಏನ್ ನೋಡ್ತೀರಾ ಅದ್ರಲ್ಲಿ?”

“ಒತ್ತಿದ್ರೆ ರಕ್ತ ಸರಿದು ಬೆಳ್ಳಗಾಗುತ್ತೆ. ಬಿಟ್ಟ ಮೇಲೆ ಎರಡು ಸೆಕೆಂಡಲ್ಲಿ ಕೆಂಪಾದ್ರೆ ನಾಳ ತೆರೆದಿದೆ ಅಂತ. ತಡ ಆದ್ರೆ ರಕ್ತ ಬರ್ತಿಲ್ಲ. ನೀಲಿ ಆದ್ರೆ, ಬಂದಿದ್ದು ವಾಪಸ್ ಹೋಗ್ತಿಲ್ಲ.”

“ಬಂದ್ರೆ ಸಾಲ್ದಾ? ಹೋಗ್ಲೂಬೇಕಾ?”

“ಹೋದ್ರೆ ತಾನೇ ಮಾರಾಯ್ತಿ, ಹೊಸದು ಬರೋದು!”

ರೋಗಿಗೆ ಮಾರಾಯ್ತಿ ಅಂದುಬಿಟ್ಟೆನಲ್ಲ ಎಂದು ಅವನು ನಾಲಿಗೆ ಕಚ್ಚಿಕೊಂಡ. ಅಕ್ಷಯಾಗೆ ನಗು ತಡೆಯಲಾಗಲಿಲ್ಲ. ವಾರ್ಡಿನವರೆಲ್ಲ ಅವನನ್ನು ‘ಬ್ರದರ್’ ಎನ್ನುತ್ತಿದ್ದರು. ಅವಳ ಬಾಯಿಗೆ ಮಾತ್ರ ಆ ಪದ ಬರಲೊಲ್ಲದು!

ಮೂರನೆಯ ದಿನ ಅವನ ಬದಲು ಸಿಸ್ಟರ್ ಸತ್ಯಭಾಮಾ ಬಂದರು.

“ಸುದೀಪ್...?”

“ತಾನೇ ಕೇಳ್ಕೊಂಡು ಬೇರೆ ವಾರ್ಡಿಗೆ ಹೋದ.”

ತಾನೇ ಕೇಳಿಕೊಂಡು! ‘ನನ್ನ ಕೈ ನೋಡಿ ಅಸಹ್ಯವಾಯಿತೇ?’ ಅವಳ ಕಣ್ಣು ತುಂಬಿತು.

ಬೆರಳು ಉಳಿಯಿತು. ಹೊಲಿಗೆ ಬಿಚ್ಚಿಸಿದ ದಿನ ಅವಳು ಕಾರಿಡಾರಿನಲ್ಲಿ ಅವನನ್ನು ಅಡ್ಡಗಟ್ಟಿದಳು.

“ಯಾಕೆ ಬಿಟ್ಟು ಹೋದ್ರಿ?”

ಅವನು ತಲೆ ತಗ್ಗಿಸಿದ. “ಅವತ್ತು ಉಗುರು ಒತ್ತಿ ಬಿಟ್ಟೆ. ನೀವು ನಗ್ತಿದ್ರಿ... ಎಣಿಸೋದೇ ಮರೆತೆ. ಮತ್ತೆ ಒತ್ತಿದೆ, ಮತ್ತೆ ಮರೆತೆ. ನಾನು ತಪ್ಪಿದ್ರೆ ಹೋಗೋದು ನಿಮ್ಮ ಬೆರಳು! ಅದಕ್ಕೇ ಎಣಿಕೆ ತಪ್ಪದವರನ್ನ ಕಳಿಸಿದೆ.”

ಇಂಥವನನ್ನು ಮನಸ್ಸಿನಲ್ಲಿ ಎಷ್ಟು ಬೈದುಕೊಂಡಿದ್ದಳು! ಅಕ್ಷಯಾ ಮೆಲ್ಲಗೆ ತೋರುಬೆರಳನ್ನು ಮುಂದೆ ಹಿಡಿದಳು.

“ಈಗ ಒತ್ತಿ.”

ಒತ್ತಿ ಬಿಟ್ಟ. ಬೆಳ್ಳಗಾದ ಉಗುರಿಗೆ ಕೆಂಪು ಮರಳಿತು. ಅವನು ನೋಡುತ್ತಿದ್ದುದು ಮಾತ್ರ ಅವಳ ಕಣ್ಣುಗಳನ್ನು.

“ಎಷ್ಟಾಯ್ತು?”

“ಎಣಿಸ್ಲಿಲ್ಲ ಮಾರಾಯ್ತಿ...”

“ಇನ್ಮೇಲೆ ಎಣಿಸೋದು ಬೇಡ. ಕೈ ಬಿಡ್ಬೇಡಿ, ಸಾಕು.”