ಏಣಿಗೆ ಬಿದ್ದ ಅಗಳಿ

ಬಲೆ ಭಾರವಾಗಿತ್ತು. ದೊಡ್ಡ ಮೀನು ಬಿದ್ದಿದೆ ಎಂದುಕೊಂಡ ಹುಲುಗಣ್ಣ ಎರಡು ಸಲ ಜಗ್ಗಿದ. ಮೂರನೆಯ ಸಲ ಜಗ್ಗಿದಾಗ ನೀರಿನಿಂದ ಮನುಷ್ಯನ ಕೈಯೊಂದು ಮೇಲೆದ್ದಿತು.

2001ರ ಡಿಸೆಂಬರ್. ಭಾನುವಾರ ಬೆಳಿಗ್ಗೆ. ಸಬ್ ಇನ್ಸ್‌ಪೆಕ್ಟರ್ ಅರ್ಚನಾ ಕಾನ್‌ಸ್ಟೇಬಲ್ ಅಜ್ಜಯ್ಯನನ್ನು ಕರೆದುಕೊಂಡು ಹಂಪಸಾಗರಕ್ಕೆ ಬಂದಾಗ ಹಿನ್ನೀರಿನ ದಂಡೆಯಲ್ಲಿ ಅರ್ಧ ಊರು ಸೇರಿತ್ತು.

ಸತ್ತವನು ಗುರುಸಂಗಪ್ಪ. ವಯಸ್ಸು ಐವತ್ತೆರಡು. ನೌಕಾಪಡೆಯಲ್ಲಿ ದೋಣಿ ಬಡಗಿಯಾಗಿದ್ದು, ನಿವೃತ್ತನಾಗಿ ಊರಿಗೆ ಮರಳಿದ್ದ. ತೆಪ್ಪಗಳೇ ತುಂಬಿದ್ದ ಆ ದಂಡೆಯಲ್ಲಿ ಇದ್ದ ಒಂದೇ ಒಂದು ಹಾಯಿದೋಣಿ ಅವನದು. ಅವನೇ ಕಟ್ಟಿದ್ದು.

"ಈಜಾಕ ಇಳದು ಎದಿ ಹಿಡಕೊಂಡೈತ್ರಿ ಮೇಡಂ," ಎಂದರು ಯಾರೋ.

ಅರ್ಚನಾ ಹೆಣದ ಕೈ ನೋಡಿದಳು. ಬಲಗೈಯ ಮೂರು ಉಗುರು ಮುರಿದಿದ್ದವು. ಉಳಿದವುಗಳ ಸಂದಿಯಲ್ಲಿ ನೀಲಿ ಬಣ್ಣದ ಚೂರು.

ದೋಣಿ ಎರಡು ಫರ್ಲಾಂಗು ದೂರದಲ್ಲಿ ಜಾಲಿಗಿಡಗಳಿಗೆ ತಗುಲಿ ನಿಂತಿತ್ತು. ಗಾಳಿ ಅದನ್ನು ದಂಡೆಗೆ ತಂದಿತ್ತು. ದೋಣಿಯ ಬಣ್ಣ ನೀಲಿ. ಪಕ್ಕೆಯ ಮೇಲೆ ಉದ್ದುದ್ದ ಗೀರುಗಳು. ಹಿಂಬದಿಯಲ್ಲಿ ಕಬ್ಬಿಣದ ಪೈಪಿನ ಏಣಿಯೊಂದು ಮಡಚಿ ಮೇಲೆ ನಿಂತಿತ್ತು. ಅದಕ್ಕೆ ಅಗಳಿ ಬಿದ್ದಿತ್ತು. ಅಗಳಿ ಇದ್ದದ್ದು ದೋಣಿಯ ಒಳಗೆ, ಕೂರುವ ಹಲಗೆಯ ಕೆಳಗೆ.

"ನೀರಿಗೆ ಇಳಿಯೋ ಮೊದ್ಲು ಅಗಳಿ ತೆಗೆಯೋದು ಮರೆತಾನೇನ್ರಿ?" ಎಂದ ಅಜ್ಜಯ್ಯ.

ಅರ್ಚನಾ ಏಣಿಯ ಕೊನೆಯ ಮೆಟ್ಟಿಲಿಗೆ ಬೆರಳಿಟ್ಟಳು. ಒಂದು ಹಿಡಿ ಪಾಚಿ ಸುತ್ತಿಕೊಂಡಿತ್ತು. ಇನ್ನೂ ಹಸಿರಾಗಿತ್ತು.

"ಮರೆತಿಲ್ಲ ಅಜ್ಜಯ್ಯ. ಏಣಿ ನಿನ್ನೆ ನೀರಿಗೆ ಇಳಿದೈತಿ. ಆಮೇಲೆ ಯಾರೋ ಮೇಲೆತ್ತಿ ಅಗಳಿ ಹಾಕ್ಯಾರ. ಇವನಂತೂ ನೀರೊಳಗಿದ್ದ."

\* \* \*

ಗುರುಸಂಗಪ್ಪನ ಹೆಂಡತಿ ಅನ್ನದಾನಮ್ಮ ಅಳುತ್ತಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದಳು.

"ಯಾರ ಮೇಲಾದ್ರೂ ಅನುಮಾನ ಐತೇನಮ್ಮ?"

"ಹುಲುಗಣ್ಣನ ಬಲಿ ಇವರ ದೋಣಿಗೆ ಸಿಕ್ಕು ಹರದಿತ್ರಿ. 'ಒಂದಿನ ನಿನ್ನ ದೋಣಿ ಮುಳುಗಸ್ತೀನಿ ನೋಡು' ಅಂದಿದ್ದ. ಸಿಟ್ಟಿನ್ಯಾಗ ಅಂದ ಮಾತು ಅದು."

"ಆ ಏಣಿ ಎಂದು ಮಾಡಿದ್ದು?"

ಅನ್ನದಾನಮ್ಮ ನಿಧಾನಕ್ಕೆ ಹೇಳಿದಳು.

ಹೋದ ವರ್ಷ ಗುರುಸಂಗಪ್ಪ ಊರಿನ ಆರು ಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿದ್ದ. ಗಾಳಿ ತಿರುಗಿತು. ಹಾಲಸ್ವಾಮಿ ಮಾಸ್ತರರ ಮಗಳು ಗಂಗಾಂಬಿಕಾ ನೀರಿಗೆ ಬಿದ್ದಳು. ಹದಿನೈದರ ಹುಡುಗಿ. ದೋಣಿಯ ಅಂಚು ಹಿಡಿದು ಜೋತಾಡಿದಳು. ದೋಣಿಗೆ ಆಗ ಏಣಿ ಇರಲಿಲ್ಲ. ಹಗ್ಗ ಕೊಟ್ಟರೆ ಅದು ದೋಣಿಯ ಅಡಿಗೆ ಜಾರಿತು. ಮೇಲೆಳೆಯಹೋದರೆ ದೋಣಿಯೇ ವಾಲಿ, ಉಳಿದ ಐದು ಮಕ್ಕಳು ಚೀರಿದರು. ಕಾಲು ಗಂಟೆ ಹಿಡಿದುಕೊಂಡಿದ್ದ ಹುಡುಗಿ ಕೊನೆಗೆ ಕೈಬಿಟ್ಟಳು.

"ಅವತ್ತಿಂದ ಇವರಿಗೆ ಏಣಿದ ಹುಚ್ಚು ಹಿಡೀತ್ರಿ. ಹಗ್ಗದ್ದು ಮಾಡಿದ್ರು, ಕಟ್ಟಿಗಿದ್ದು ಮಾಡಿದ್ರು, ಆಮ್ಯಾಲೆ ಪೈಪಿಂದು. ನೀರಾಗ ಬಿದ್ದ ಕೂಸೂ ತಾನ ಏಣಿ ಎಳಕೊಂಡು ಹತ್ತಬೇಕು ಅಂತಿದ್ರು. ಮಾಸ್ತರೂ ಜೋಡಿ ಹೋಗಿ ಸಹಾಯ ಮಾಡ್ತಿದ್ರು. ಮಗಳನ್ನ ಕಳಕೊಂಡಾತ ಹಿಂಗ ಬರ್ತಾನಲ್ಲ ಅಂತ ಊರ ಮಂದಿ ಕೈ ಮುಗೀತಿದ್ರು."

"ನಿನ್ನೆ ಮಾಸ್ತರು ಹೋಗಿದ್ರೇನು?"

"ಇಲ್ರಿ. ಅವರು ಉಜ್ಜಿನಿ ಮಠಕ್ಕ ಹೋಗ್ಯಾರಂತ. ಇವರೊಬ್ಬರ ಹೊರಟ್ರು."

\* \* \*

"ಕೊಂದವ ಹೆಣ ತಾನ ಎಳಕೊಂಡು ಬರ್ತಾನೇನ್ರಿ?" ಹುಲುಗಣ್ಣ ಸಿಡುಕಿದ.

"ಬರಬಹುದು," ಎಂದಳು ಅರ್ಚನಾ. "ನಮ್ಮನ್ನ ಆ ನೀಲಿ ದೋಣಿಯಾಗ ನಡು ನೀರಿಗೆ ಕರ್ಕೊಂಡು ಹೋಗು, ನಡಿ."

ಅಷ್ಟರಲ್ಲಿ ದೋಣಿಯ ಫೋಟೊ ತೆಗೆಸಿ ಆಗಿತ್ತು. ಹುಲುಗಣ್ಣ ಹುಟ್ಟು ಹಾಕಿದ. ನಡು ನೀರಿನಲ್ಲಿ ಅರ್ಚನಾ ಬೂಟು ಬಿಚ್ಚಿಟ್ಟು, ಅಜ್ಜಯ್ಯನ ಕಿವಿಯಲ್ಲಿ ಒಂದು ಮಾತು ಹೇಳಿ, ಸಮವಸ್ತ್ರದಲ್ಲೇ ಧುಮುಕಿಬಿಟ್ಟಳು. ಹರಪನಹಳ್ಳಿಯ ಬಾವಿಗಳಲ್ಲಿ ಈಜು ಕಲಿತವಳು. ನೀರಿನ ಹೆದರಿಕೆ ಅವಳಿಗಿರಲಿಲ್ಲ.

ದೋಣಿಯ ಅಂಚಿಗೆ ಕೈ ಹಾಕಿದಳು. ಸಿಕ್ಕಿತು. ಮೈ ಎತ್ತಹೋದಳು. ಕಾಲು ದೋಣಿಯ ಅಡಿಗೆ ತೇಲಿ ಹೋಯಿತು. ಇನ್ನೊಮ್ಮೆ. ದೋಣಿ ವಾಲಿತೇ ಹೊರತು ಅವಳು ಗೇಣು ಮೇಲೇರಲಿಲ್ಲ. ಒದ್ದೆ ಪ್ಯಾಂಟು ಕೆಳಕ್ಕೆ ಎಳೆಯುತ್ತಿತ್ತು. ಹತ್ತೇ ನಿಮಿಷಕ್ಕೆ ತೋಳು ನಡುಗತೊಡಗಿದವು. ಈಜು ಬಲ್ಲವಳಿಗೂ ಮೊದಲ ಸಲ ಎದೆಯಲ್ಲಿ ಅಳುಕು ಹುಟ್ಟಿತು. ಏಣಿ ಇಳಿಸಲೆಂದು ಹಿಂಬದಿಯಲ್ಲಿ ಜೋತುಬಿಟ್ಟಿದ್ದ ಹಗ್ಗವನ್ನು ಜಗ್ಗಿದಳು. ಅಗಳಿ ಬಿದ್ದ ಏಣಿ ಅಲುಗಲಿಲ್ಲ.

"ಹುಲುಗಣ್ಣ! ಅಗಳಿ ತೆಗಿ!"

"ಎಲ್ಲೈತ್ರಿ ಅದು?"

ಅಜ್ಜಯ್ಯ ತುಟಿ ಬಿಚ್ಚಲಿಲ್ಲ. ಅವಳು ಕಿವಿಯಲ್ಲಿ ಹೇಳಿದ್ದೇ ಹಾಗೆ. ಹುಲುಗಣ್ಣ ಏಣಿ ಅಲ್ಲಾಡಿಸಿದ, ಹಗ್ಗ ಜಗ್ಗಿದ, ಪೈಪು ತಿರುವಿದ. ಹಲಗೆಯ ಕೆಳಗೆ ಬಗ್ಗಿ ನೋಡಲೇ ಇಲ್ಲ. ಅವನ ಮುಖ ಬಿಳಿಚಿತ್ತು.

"ಲೇ ಅಜ್ಜಯ್ಯ, ಬಾರಲೇ! ಮೇಡಂ ಮುಳಗ್ತಾರ!"

ಅಜ್ಜಯ್ಯ ಅಗಳಿ ಸರಿಸಿದ. ಅರ್ಚನಾ ಹಗ್ಗ ಜಗ್ಗಿದಳು. ಏಣಿ ನೀರಿನೊಳಕ್ಕೆ ಇಳಿಯಿತು. ಮೂರು ಹೆಜ್ಜೆಗೆ ಮೇಲಿದ್ದಳು.

"ನೀನಲ್ಲ ಬಿಡು," ಎಂದಳು ಏದುಸಿರು ಬಿಡುತ್ತ. "ಅಗಳಿ ಎಲ್ಲೈತಿ ಅನ್ನೋದು ನಿನಗೆ ಗೊತ್ತಿಲ್ಲ."

ಹಲಗೆಯ ಕೆಳಗೆ, ಅಗಳಿಯ ಪಕ್ಕದಲ್ಲಿ, ಒಂದು ತಗಡಿನ ಡಬ್ಬಿ ಇತ್ತು. ಅದರಲ್ಲಿ ಪ್ಲಾಸ್ಟಿಕ್ ಸುತ್ತಿದ ನೋಟುಬುಕ್ಕು. ಪುಟದಿಂದ ಪುಟಕ್ಕೆ ಏಣಿಯ ಚಿತ್ರಗಳು, ಇಂಗ್ಲಿಷ್ ಅಂಕಿಯ ಅಳತೆಗಳು. ಪ್ರತಿ ಚಿತ್ರದ ಕೆಳಗೆ ಬೇರೆ ಕೈಬರಹದ ಒಂದು ಸಾಲು. ದುಂಡಗಿನ ಅಕ್ಷರ, ಕನ್ನಡ ಅಂಕಿ. ಕೊನೆಯ ಸಾಲಿಗೆ ಶನಿವಾರದ ತಾರೀಖಿತ್ತು:

ಪರೀಕ್ಷೆ ೨೩. ನೀರಿಗಿಳಿದದ್ದು ೪-೧೦. ಮೇಲೆ ಹತ್ತಿದ್ದು

ಮುಂದೆ ಏನೂ ಇರಲಿಲ್ಲ.

\* \* \*

ದೋಣಿಯ ಪಂಚನಾಮೆಗೆ ಅರ್ಚನಾ ಹಾಲಸ್ವಾಮಿ ಮಾಸ್ತರರನ್ನೇ ಪಂಚರೆಂದು ಕರೆಸಿದಳು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ರುಜು ಹಾಕಿ ಕೆಳಗೆ ತಾರೀಖು ಬರೆದರು. ಕನ್ನಡ ಅಂಕಿ. ದುಂಡಗಿನ ಅಕ್ಷರ.

ಅರ್ಚನಾ ನೋಟುಬುಕ್ಕನ್ನು ಆ ರುಜುವಿನ ಪಕ್ಕದಲ್ಲಿ ತೆರೆದಿಟ್ಟಳು.

"ನೀರೊಳಗಿದ್ದಾತ ಗಡಿಯಾರ ನೋಡಿ ಬರೆಯಾಕ ಆಗಲ್ಲ ಮಾಸ್ತರೇ. ಯಾರೋ ದೋಣಿಯಾಗ ಕೂತು ಬರೆದಾರ. ಏಣಿ ಇಳಿದಿತ್ತು, ಪಾಚಿ ಹೇಳ್ತೈತಿ. ಅವನು ಅಂಚು ಪರಚ್ಯಾನ, ಉಗುರು ಹೇಳ್ತಾವು. ಅಗಳಿ ಒಳಗಿದ್ದವರಿಗಷ್ಟೇ ಸಿಗ್ತೈತಿ. ಗಾಳಿ ದೋಣಿಯನ್ನ ದಂಡೆಗೆ ತಂದಾಗ ಇಳಿದು ಮನೆಗೆ ಹೋಗ್ಯಾರ. ಉಜ್ಜಿನಿಯಾಗ ನಿಮ್ಮನ್ನ ನಿನ್ನೆ ಕಂಡವರು ಯಾರು?"

ಮಾಸ್ತರು ನೋಟುಬುಕ್ಕಿನ ಕೊನೆಯ ಸಾಲನ್ನು ಓದಿದರು. ಮತ್ತೊಮ್ಮೆ ಓದಿದರು.

"ಯಾರೂ ಇಲ್ರಿ. ನಾ ಉಜ್ಜಿನಿಗೆ ಹೋಗಿಲ್ಲ. ದಂಡಿಗುಂಟ ಮುಂದ ಹೋಗಿ, ಯಾರೂ ಇಲ್ಲದ ಕಡೆ ಅವನ ದೋಣಿ ಹತ್ತಿದೆ."

"ಕೊಲ್ಲಬೇಕಂತಲೇ ಹೋದ್ರೇನು?"

"ಗೊತ್ತಿಲ್ಲರಿ." ದನಿ ಪಾಠ ಹೇಳುವಷ್ಟೇ ಸಮವಾಗಿತ್ತು. "ಅವನ ಏಣಿ ನಿನ್ನೆ ಛಲೋ ಕೆಲಸ ಮಾಡ್ತು. ಎರಡು ಸಲ ಇಳದು ಹತ್ತಿದ. ನಕ್ಕೋತ 'ಮಾಸ್ತರ, ಇನ್ನ ಯಾರೂ ಸಾಯಂಗಿಲ್ಲ' ಅಂದ. ಮತ್ತ ಧುಮುಕಿದ. ನಾ ಟೈಮು ಬರದೆ. ಇಷ್ಟು ಹಗುರ ಇತ್ತಲ್ಲ, ಮೂರು ಮೆಟ್ಟಲ, ಒಂದು ಪೈಪು, ಇದು ಹೋದ ವರ್ಷ ಇರಲಿಲ್ಲಲ್ಲ ಅನ್ನಿಸ್ತು. ಏಣಿ ಎತ್ತಿ ಅಗಳಿ ಹಾಕಿದೆ. ಕಾಲು ಗಂಟಿ ಜೋತಾಡ್ಲಿ, ನನ್ನ ಮಗಳು ಜೋತಾಡಿದಷ್ಟು ಅಂತ."

"ಕೂಗಲಿಲ್ವೇನು ಅವನು?"

"ಮೊದಲು ಕೂಗಿದ. ಹಾಸ್ಯ ಮಾಡಾಕ ಹತ್ತೇನಿ ಅಂದುಕೊಂಡ. ಆಮ್ಯಾಲೆ ನನ್ನ ಮಾರಿ ನೋಡಿದ. ಗೊತ್ತಾತ್ರಿ ಅವನಿಗೆ. ಆಗಿಂದ ಬಾಯಿ ಬಿಡಲಿಲ್ಲ. ಪರಚಿದ, ಆದ್ರ ಕೂಗಲಿಲ್ಲ. ಇನ್ನೊಂದು ಸಲ ಕೂಗಿದ್ರ ಏಣಿ ಇಳಸ್ತಿದ್ದೆನೇನೋ." ಮಾಸ್ತರು ಕನ್ನಡಕ ತೆಗೆದರು. "ಗಡಿಯಾರ ನೋಡಿ ಅಗಳಿಗೆ ಕೈ ಹಾಕೂದ್ರಾಗ ಅಂಚಿನ ಮ್ಯಾಲೆ ಕೈ ಇರಲಿಲ್ಲ. ಖಾಲಿ ಅಂಚು. ಅದನ್ನ ನೋಡಿದಾಗ ನನಗೆ ಸಮಾಧಾನ ಆಗತೈತಿ ಅಂದುಕೊಂಡಿದ್ದೆ. ಆಗಲಿಲ್ಲರಿ."

ಅರ್ಚನಾಳ ತೋಳುಗಳಲ್ಲಿ ಇನ್ನೂ ನೋವಿತ್ತು. ಅಜ್ಜಯ್ಯ ಮಾಸ್ತರರ ಕೈ ಹಿಡಿದು ಜೀಪು ಹತ್ತಿಸಿದ.

\* \* \*

ಅನ್ನದಾನಮ್ಮನಿಗೆ ಹೇಳುವ ಕೆಲಸ ಉಳಿದಿತ್ತು. ಅರ್ಚನಾ ನಿಂತುಕೊಂಡೇ ಹೇಳಿದಳು. ಪೂರ್ತಿ ಹೇಳಿದಳು. ಕೊನೆಗೆ ಅವನು ಕೂಗಲಿಲ್ಲ ಎಂಬುದನ್ನೂ ಹೇಳಿದಳು.

ಅನ್ನದಾನಮ್ಮ ತಲೆ ಎತ್ತಿದಳು.

"ಮಾಸ್ತರ ಹೆಂಡತಿ ಕಲ್ಯಾಣಮ್ಮಗ ಯಾರು ಹೇಳಿದ್ರಿ?"

"ಇನ್ನೂ ಯಾರೂ ಇಲ್ಲಮ್ಮ. ಈಗ ನಾನು ಅಲ್ಲಿಗೇ ಹೋಗಬೇಕು."

"ನೀವು ಬ್ಯಾಡ್ರಿ." ಅವಳು ಗೋಡೆ ಹಿಡಿದು ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಮಗಳು ಹೋದ್ಲು. ಈಗ ಗಂಡನೂ ಹೋದ. ಇದು ಪೊಲೀಸರು ಹೇಳೂ ಮಾತಲ್ಲ. ನಾನ ಹೇಳ್ತೀನಿ."

ಅರ್ಚನಾ ದಾರಿ ಬಿಟ್ಟು ಸರಿದು ನಿಂತಳು. ಅನ್ನದಾನಮ್ಮ ಬರಿಗಾಲಲ್ಲಿ ಓಣಿ ದಾಟಿ ಮಾಸ್ತರರ ಮನೆಯ ಕಡೆ ನಡೆದಳು. ಬಾಗಿಲು ತೆರೆದೇ ಇತ್ತು.